ಗರ್ಭಾವಸ್ಥೆಯಲ್ಲಿ ರಕ್ತದ ಗುಂಪಿನ ಹೊಂದಾಣಿಕೆ

ಬಸುರಿಯ ರಕ್ತದ ಗುಂಪು ಒಂದು, ಹೊಟ್ಟೆಯಲ್ಲಿರುವ ಮಗುವಿನದು ಇನ್ನೊಂದು ಆಗಿದ್ದಾಗ, ತಾಯಿಯ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳು ಮಾಸನ್ನು ದಾಟಿ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯುವ ಸಾಧ್ಯತೆ ಇರುತ್ತದೆ. ಹೀಗೆ ಬರುವ ಕಾಯಿಲೆಗೆ ಭ್ರೂಣ ಮತ್ತು ನವಜಾತ ಶಿಶುವಿನ ರಕ್ತಕಣನಾಶ ರೋಗ ಎಂದು ಹೆಸರು. ಆರ್‌ಎಚ್ ನೆಗೆಟಿವ್ ತಾಯಿಯ ಹೊಟ್ಟೆಯಲ್ಲಿ ಆರ್‌ಎಚ್ ಪಾಸಿಟಿವ್ ಮಗು ಇರುವಾಗ ಬರುವುದು ಇದರಲ್ಲಿ ಅತ್ಯಂತ ಘೋರವಾದ ಬಗೆ. ಒ ಗುಂಪಿನ ತಾಯಿಗೆ ಎ ಅಥವಾ ಬಿ ಗುಂಪಿನ ಮಗುವಿದ್ದಾಗ ಬರುವುದು ಹೆಚ್ಚು ಸಾಮಾನ್ಯ, ಆದರೆ ಸೌಮ್ಯ. ಮೊದಲನೆಯದನ್ನು ಒಂದು ಚುಚ್ಚುಮದ್ದಿನಿಂದ ತಡೆಯಬಹುದು ಎಂಬುದು 1960ರ ದಶಕದಲ್ಲೇ ಸಿದ್ಧವಾಗಿದೆ. ಆದರೂ ಜಗತ್ತಿನಲ್ಲಿ ಆ ಮದ್ದು ಬೇಕಾದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಸಿಗುತ್ತಿಲ್ಲ ಎಂದು ಅಂದಾಜು.

ಹೊಂದಾಣಿಕೆ ಯಾರ ನಡುವೆ?

ಹೆಣ್ಣು ಗಂಡು ನೋಡುವಾಗ ಜಾತಕದ ಜೊತೆಗೆ ರಕ್ತದ ಗುಂಪನ್ನೂ ಕೇಳುವ ರೂಢಿ ಈಗ ನಮ್ಮಲ್ಲಿ ಬೆಳೆದಿದೆ. ‘ಇಬ್ಬರದೂ ಒಂದೇ ಗುಂಪು, ಮಕ್ಕಳಿಗೆ ತೊಂದರೆಯಾಗುತ್ತದೆ’ ಎಂದು ಸಂಬಂಧ ಮುರಿದುಕೊಂಡವರೂ ಇದ್ದಾರೆ. ಈ ನಂಬಿಕೆ ಪೂರ್ತಿ ತಪ್ಪು. ಗಂಡ ಹೆಂಡಿರ ಗುಂಪು ಒಂದೇ ಆಗಿದ್ದರೆ ಮಗುವಿಗೆ ಯಾವ ಕೇಡೂ ಇಲ್ಲ. ಇಬ್ಬರೂ ಒ ಪಾಸಿಟಿವ್ ಆದರೂ ಅಷ್ಟೆ, ಇಬ್ಬರೂ ಎ ನೆಗೆಟಿವ್ ಆದರೂ ಅಷ್ಟೆ. ರಕ್ತಸಂಬಂಧದ ಮದುವೆಯಲ್ಲಿ, ಅಂದರೆ ಸೋದರಮಾವನನ್ನೋ ಅತ್ತೆಯ ಮಗನನ್ನೋ ಕಟ್ಟಿಕೊಂಡಾಗ, ಕೆಲವು ಆನುವಂಶಿಕ ಕಾಯಿಲೆಗಳ ಅಪಾಯ ಹೆಚ್ಚುವುದು ನಿಜ. ಆ ಮಾತಿನಲ್ಲಿರುವ ‘ರಕ್ತ’ವನ್ನೇ ಜನ ರಕ್ತದ ಗುಂಪಿಗೂ ಹೊಂದಿಸಿಕೊಂಡಂತೆ ಕಾಣುತ್ತದೆ. ಎರಡಕ್ಕೂ ಸಂಬಂಧವಿಲ್ಲ.

ಹೊಂದಾಣಿಕೆಯ ಪ್ರಶ್ನೆ ಏಳುವುದು ತಾಯಿಗೂ ಮಗುವಿಗೂ ನಡುವೆ. ತಂದೆ ಇಲ್ಲಿ ಬರುವುದು ಮಗುವಿಗೆ ತನ್ನ ಪಾಲಿನ ಜೀನ್ ಕೊಟ್ಟವನಾಗಿ ಮಾತ್ರ. ತಾಯಿ ನೆಗೆಟಿವ್, ತಂದೆಯೂ ನೆಗೆಟಿವ್ ಆದರೆ ಮಗು ನೆಗೆಟಿವ್ ಆಗಿಯೇ ಹುಟ್ಟುತ್ತದೆ, ತೊಂದರೆಯಿಲ್ಲ. ತಾಯಿ ಪಾಸಿಟಿವ್ ಆಗಿದ್ದರೆ ತಂದೆಯದು ಏನೇ ಇರಲಿ, ಈ ಬಗೆಯ ಆರ್‌ಎಚ್ ತೊಂದರೆ ಬರುವುದಿಲ್ಲ. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆದಾಗ ಮಾತ್ರ ಎಚ್ಚರ ಬೇಕು. ತಂದೆಯಲ್ಲಿ ಆ ಜೀನ್‌ನ ಎರಡು ಪ್ರತಿಗಳಿದ್ದರೆ ಮಕ್ಕಳೆಲ್ಲ ಪಾಸಿಟಿವ್, ಒಂದೇ ಇದ್ದರೆ ಪ್ರತಿ ಬಸುರಿನಲ್ಲೂ ಅರ್ಧ ಸಾಧ್ಯತೆ. ಆಗಲೂ ಮದುವೆ ನಿಲ್ಲಿಸುವಂಥದ್ದು ಏನೂ ಇಲ್ಲ. ಬೇಕಾದ್ದು ಒಂದು ಪರೀಕ್ಷೆ ಮತ್ತು ಹೊತ್ತಿಗೆ ಸರಿಯಾಗಿ ಕೊಟ್ಟ ಒಂದು ಮದ್ದು.

ಗುಂಪುಗಳು ತಿಳಿದ ಬಗೆ

ಒಬ್ಬರ ರಕ್ತವನ್ನು ಇನ್ನೊಬ್ಬರ ರಕ್ತದ ತಿಳಿನೀರಿಗೆ ಬೆರೆಸಿದಾಗ ಕೆಲವು ಸಲ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುವುದನ್ನು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1900ರಲ್ಲಿ ಗಮನಿಸಿದರು. ಮರುವರ್ಷ ಮೂರು ಗುಂಪುಗಳನ್ನು ವಿವರಿಸಿದರು. ನಾಲ್ಕನೆಯದಾದ ಎಬಿ 1902ರಲ್ಲಿ ಗೊತ್ತಾಯಿತು. ಕೆಂಪು ಕಣದ ಮೈಮೇಲಿನ ಗುರುತುಗಳಾದ ಎ ಮತ್ತು ಬಿ ಪ್ರತಿಜನಕಗಳ ಮೇಲೆ ಈ ವಿಂಗಡಣೆ ನಿಂತಿದೆ. 1930ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಎಬಿಒ ಗುಂಪು ಸರಿಹೊಂದಿಸಿ ರಕ್ತ ಕೊಟ್ಟಾಗಲೂ ಒಮ್ಮೊಮ್ಮೆ ರೋಗಿಗೆ ಚಳಿ ಜ್ವರ ಬಂದು ಪ್ರಾಣಕ್ಕೆ ಕುತ್ತಾಗುತ್ತಿತ್ತು. ಇದರ ಗುಟ್ಟು ಹೊರಬಿದ್ದದ್ದು ಒಂದು ಹೆರಿಗೆಯ ಕೋಣೆಯಿಂದ.

1939ರಲ್ಲಿ ನ್ಯೂಯಾರ್ಕ್‌ನ ಫಿಲಿಪ್ ಲೆವೈನ್ ಮತ್ತು ರೂಫಸ್ ಸ್ಟೆಟ್ಸನ್ ಒಂದು ಪ್ರಕರಣವನ್ನು ವರದಿ ಮಾಡಿದರು. ಹೊಟ್ಟೆಯಲ್ಲೇ ಸತ್ತ ಮಗುವನ್ನು ಹೆತ್ತ ಒಬ್ಬ ಹೆಂಗಸಿಗೆ ಗಂಡನ ರಕ್ತ ಕೊಡಲಾಗಿತ್ತು. ಇಬ್ಬರದೂ ಒ ಗುಂಪು. ಆದರೂ ಆಕೆಗೆ ತೀವ್ರ ಪ್ರತಿಕ್ರಿಯೆಯಾಯಿತು. ಆಕೆಯ ರಕ್ತದ ತಿಳಿನೀರು ಗಂಡನದಷ್ಟೇ ಅಲ್ಲ, ಎಬಿಒ ಪ್ರಕಾರ ಹೊಂದಬೇಕಾಗಿದ್ದ 104 ಮಾದರಿಗಳಲ್ಲಿ 80ನ್ನು ಗಂಟುಗಟ್ಟಿಸಿತು. ಮಗು ತಂದೆಯಿಂದ ಪಡೆದ, ತಾಯಿಯಲ್ಲಿಲ್ಲದ ಯಾವುದೋ ಗುರುತಿನ ವಿರುದ್ಧ ಆಕೆಯ ದೇಹ ಪ್ರತಿಕಾಯ ತಯಾರಿಸಿದೆ ಎಂದು ಲೆವೈನ್ ತರ್ಕಿಸಿದರು. ಆ ಗುರುತಿಗೆ ಅವರು ಹೆಸರಿಡಲಿಲ್ಲ. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ರೀಸಸ್ ಕೋತಿಯ ರಕ್ತವನ್ನು ಮೊಲಗಳಿಗೆ ಚುಚ್ಚಿ ಪಡೆದ ದ್ರವ ನ್ಯೂಯಾರ್ಕ್‌ನ ಬಿಳಿಯರಲ್ಲಿ ಸುಮಾರು 85 ಶೇಕಡ ಜನರ ರಕ್ತವನ್ನು ಗಂಟುಗಟ್ಟಿಸುವುದನ್ನು ಕಂಡು ಆ ಗುರುತನ್ನು ಆರ್‌ಎಚ್ ಎಂದು ಕರೆದರು. ಕೋತಿಯ ಗುರುತೂ ಮನುಷ್ಯರ ಗುರುತೂ ಬೇರೆ ಬೇರೆ ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಹೆಸರು ನೆಲೆಯೂರಿತ್ತು.

ಇಂದು ಆರ್‌ಎಚ್ ವ್ಯವಸ್ಥೆಯಲ್ಲಿ ಐವತ್ತಕ್ಕೂ ಹೆಚ್ಚು ಪ್ರತಿಜನಕಗಳನ್ನು ಗುರುತಿಸಲಾಗಿದೆ. ಇವುಗಳಲ್ಲಿ ಡಿ ಎಂಬುದು ಅತಿ ಪ್ರಬಲ. ವರದಿಯಲ್ಲಿ ಪಾಸಿಟಿವ್, ನೆಗೆಟಿವ್ ಎಂದು ಬರೆಯುವುದು ಡಿ ಇದೆಯೋ ಇಲ್ಲವೋ ಎಂಬುದನ್ನೇ. ಅದರ ಜೀನ್ ಒಂದನೇ ವರ್ಣತಂತುವಿನಲ್ಲಿದೆ. ನೆಗೆಟಿವ್ ಇರುವವರಲ್ಲಿ ಹೆಚ್ಚಿನವರಿಗೆ ಆ ಜೀನೇ ಇರುವುದಿಲ್ಲ. ಇದು ಕೊರತೆಯಲ್ಲ, ಕಾಯಿಲೆಯೂ ಅಲ್ಲ. ಯುರೋಪಿಯನ್ ಮೂಲದವರಲ್ಲಿ ನೂರಕ್ಕೆ ಸುಮಾರು 15 ಮಂದಿ, ಪಿರನೀಸ್ ಬೆಟ್ಟಸಾಲಿನ ಬಾಸ್ಕ್ ಜನರಲ್ಲಿ ಅದಕ್ಕಿಂತ ಬಹಳ ಹೆಚ್ಚು, ಚೀನಾ ಜಪಾನುಗಳಲ್ಲಿ ಒಂದಕ್ಕಿಂತ ಕಡಿಮೆ, ಭಾರತದಲ್ಲಿ ಸುಮಾರು 5 ಮಂದಿ ನೆಗೆಟಿವ್. ನೂರಕ್ಕೆ ಐದು ಸಣ್ಣ ಸಂಖ್ಯೆಯಂತೆ ಕಾಣಬಹುದು; ನಮ್ಮ ಹೆರಿಗೆಗಳ ಸಂಖ್ಯೆಗೆ ಗುಣಿಸಿದರೆ ವರ್ಷಕ್ಕೆ ಲಕ್ಷಗಟ್ಟಲೆ ತಾಯಂದಿರು ಎಂದಾಗುತ್ತದೆ.

ಮೊದಲ ಮಗು ಪಾರಾಗುವುದೇಕೆ?

ತಾಯಿಯ ರಕ್ತವೂ ಮಗುವಿನ ರಕ್ತವೂ ಮಾಸಿನಲ್ಲಿ ತೆಳುವಾದ ಪೊರೆಯ ಆಚೀಚೆ ಹರಿಯುತ್ತವೆ, ಬೆರೆಯುವುದಿಲ್ಲ. ಆದರೆ ಆ ಪೊರೆ ಬಿಗಿಯಾದ ಗೋಡೆಯೇನಲ್ಲ. ಬಸುರಿನ ಕೊನೆಯ ತಿಂಗಳುಗಳಲ್ಲಿ ಮಗುವಿನ ರಕ್ತ ಅಲ್ಪಸ್ವಲ್ಪ ತಾಯಿಯ ಕಡೆಗೆ ಜಿನುಗುತ್ತದೆ. ಹೆರಿಗೆಯಲ್ಲಿ ಮಾಸು ಬಿಡುವ ಹೊತ್ತಿಗೆ ಈ ಸೋರಿಕೆ ಹೆಚ್ಚು. ಮಗುವಿನ ರಕ್ತ 0.1 ಮಿಲಿಲೀಟರಿನಷ್ಟು ಸೇರಿದರೂ ಕೆಲವು ನೆಗೆಟಿವ್ ತಾಯಂದಿರ ರೋಗನಿರೋಧಕ ವ್ಯವಸ್ಥೆ ಡಿ ಗುರುತನ್ನು ಪರಕೀಯವೆಂದು ಗುರುತಿಸಿಬಿಡುತ್ತದೆ.

ಹೀಗೆ ಮೊದಲ ಸಲ ಎಚ್ಚೆತ್ತ ವ್ಯವಸ್ಥೆ ಪ್ರತಿಕಾಯ ತಯಾರಿಸಲು ವಾರಗಳೇ ಬೇಕು. ಮೊದಲು ಹುಟ್ಟುವ ಐಜಿಎಂ ಬಗೆಯವು ಗಾತ್ರದಲ್ಲಿ ದೊಡ್ಡವು, ಮಾಸನ್ನು ದಾಟಲಾರವು. ಅಷ್ಟರಲ್ಲಿ ಮೊದಲ ಮಗು ಹುಟ್ಟಿ ತೊಟ್ಟಿಲಲ್ಲಿ ಮಲಗಿರುತ್ತದೆ. ಆದರೆ ದೇಹ ಮರೆಯುವುದಿಲ್ಲ. ಎರಡನೇ ಬಸುರಿನಲ್ಲಿ ಮತ್ತೆ ಪಾಸಿಟಿವ್ ಮಗುವಾದರೆ, ತೊಟ್ಟು ರಕ್ತ ಸೋಕಿದರೆ ಸಾಕು, ಈ ಬಾರಿ ಚಿಕ್ಕ ಗಾತ್ರದ ಐಜಿಜಿ ಪ್ರತಿಕಾಯಗಳು ಬೇಗನೆ, ಹೇರಳವಾಗಿ ಹುಟ್ಟುತ್ತವೆ. ಮಗುವನ್ನು ಸೋಂಕುಗಳಿಂದ ಕಾಪಾಡಲೆಂದು ತಾಯಿಯ ಐಜಿಜಿಯನ್ನು ಮಾಸು ತಾನಾಗಿ ಹೊತ್ತು ಆಚೆ ದಾಟಿಸುತ್ತದೆ; ಅದೇ ದಾರಿಯಲ್ಲಿ ಇವೂ ಹೋಗುತ್ತವೆ. ಮಗುವನ್ನು ಕಾಯಲೆಂದೇ ಇರುವ ಏರ್ಪಾಡು ಮಗುವಿಗೆ ಮುಳುವಾಗುವುದನ್ನು ಓದುವಾಗ ಇಂದಿಗೂ ಮನಸ್ಸು ಭಾರವಾಗುತ್ತದೆ. ಒಂದೊಂದು ಬಸುರಿಗೂ ಪ್ರತಿಕಾಯದ ಬಲ ಸಾಮಾನ್ಯವಾಗಿ ಏರುತ್ತಲೇ ಹೋಗುತ್ತದೆ.

ಚೊಚ್ಚಲ ಮಗು ಚೆನ್ನಾಗಿ ಹುಟ್ಟಿ, ಆಮೇಲಿನವು ಒಂದಾದ ಮೇಲೊಂದು ದಕ್ಕದೆ ಹೋಗುವ ಮನೆಗಳ ಕಥೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಉಳಿಯಲಿ ಎಂದು ಹಸುಗೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು, ಹರಕೆ ಹೊರುತ್ತಿದ್ದರು. ಮಕ್ಕಳು ಸಾಯಲು ಆಗ ನೂರು ಕಾರಣಗಳಿದ್ದವು. ಅವುಗಳಲ್ಲಿ ಕೆಲವು ಮನೆಗಳಲ್ಲಾದರೂ ಆರ್‌ಎಚ್ ಕಾರಣವಾಗಿದ್ದಿರಬೇಕು. ದೂರು ಮಾತ್ರ ಹೆತ್ತವಳ ಮೇಲೆ, ಅವಳ ಕಾಲ್ಗುಣದ ಮೇಲೆ ಬೀಳುತ್ತಿತ್ತು.

ನೆಗೆಟಿವ್ ತಾಯಿ ಪಾಸಿಟಿವ್ ಮಗುವನ್ನು ಹೆತ್ತು, ಯಾವ ತಡೆಮದ್ದೂ ಸಿಗದಿದ್ದರೆ ನೂರರಲ್ಲಿ ಸುಮಾರು 16 ಮಂದಿಯಲ್ಲಿ ಪ್ರತಿಕಾಯ ಹುಟ್ಟುತ್ತದೆ. ತಾಯಿ ಮಗುವಿನ ಎಬಿಒ ಗುಂಪೂ ಹೊಂದದಿದ್ದರೆ ಈ ಪ್ರಮಾಣ ಸುಮಾರು 2ಕ್ಕೆ ಇಳಿಯುತ್ತದೆ. ತಾಯಿ ಒ, ಮಗು ಎ ಆಗಿದ್ದರೆ ಸೋರಿ ಬಂದ ಕಣಗಳನ್ನು ತಾಯಿಯಲ್ಲಿ ಮೊದಲೇ ಇರುವ ಎ-ವಿರೋಧಿ ಪ್ರತಿಕಾಯಗಳು ಡಿ ಗುರುತು ಗಮನಕ್ಕೆ ಬರುವ ಮೊದಲೇ ಒಡೆದುಹಾಕುತ್ತವೆ. ಒಂದು ಹೊಂದಿಕೆಯ ಕೊರತೆ ಇನ್ನೊಂದನ್ನು ತಡೆಯುತ್ತದೆ. ಲೆವೈನ್ ಇದನ್ನು 1940ರ ದಶಕದಲ್ಲೇ ಗಮನಿಸಿದ್ದರು. ಮುಂದೆ ತಡೆಮದ್ದಿನ ಹುಡುಕಾಟಕ್ಕೆ ಇದೇ ಸುಳಿವಾಯಿತು.

ಮಗುವಿಗೆ ಆಗುವುದೇನು?

ಕಣಗಳು ಒಡೆಯುತ್ತ ಹೋದಂತೆ ಮಗುವಿಗೆ ರಕ್ತಹೀನತೆ ಬರುತ್ತದೆ. ನಷ್ಟ ತುಂಬಲು ಮೂಳೆಮಜ್ಜೆಯ ಜೊತೆಗೆ ಪಿತ್ತಜನಕಾಂಗ, ಗುಲ್ಮಗಳೂ ರಕ್ತ ತಯಾರಿಸಲು ನಿಲ್ಲುತ್ತವೆ, ಊದಿಕೊಳ್ಳುತ್ತವೆ. ಎಳೆಯ, ಅರೆಬೆಂದ ಕಣಗಳು ರಕ್ತಕ್ಕೆ ಬರುತ್ತವೆ. ಅದೂ ಸಾಲದಾದಾಗ ಹೃದಯ ಸೋತು, ಮಗುವಿನ ಹೊಟ್ಟೆ, ಎದೆಗೂಡು, ಚರ್ಮದಡಿ ಎಲ್ಲ ಕಡೆ ನೀರು ತುಂಬುತ್ತದೆ. ಇದು ಭ್ರೂಣಜಲೋದರ. ಈ ಹಂತದಲ್ಲಿ ಒಮ್ಮೊಮ್ಮೆ ತಾಯಿಗೂ ಮೈ ಊದಿ ರಕ್ತದೊತ್ತಡ ಏರುವುದುಂಟು. ಮಗುವಿನ ಸ್ಥಿತಿ ತಾಯಿಯಲ್ಲಿ ಪ್ರತಿಬಿಂಬಿಸುವುದರಿಂದ ಇದನ್ನು ಕನ್ನಡಿ ಲಕ್ಷಣ ಎನ್ನುತ್ತಾರೆ. ಆರ್‌ಎಚ್ ಹೊಂದದಿರುವುದರಿಂದ ತಾಯಿಯ ಆರೋಗ್ಯಕ್ಕೆ ನೇರವಾಗಿ ಆಗುವ ಕೇಡು ಹೆಚ್ಚುಕಡಿಮೆ ಇದೊಂದೇ.

ಒಡೆದ ಕಣಗಳಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹೊರಬೀಳುತ್ತದೆ. ಹೊಟ್ಟೆಯಲ್ಲಿದ್ದಾಗ ಅದನ್ನು ಮಾಸಿನ ಮೂಲಕ ತಾಯಿಯ ದೇಹ ಹೊರಹಾಕುತ್ತದೆ, ಆದ್ದರಿಂದ ಮಗು ಹುಟ್ಟುವಾಗ ಹಳದಿಯಾಗಿರುವುದು ಅಪರೂಪ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಎಳೆಯ ಪಿತ್ತಜನಕಾಂಗ ಒಂಟಿಯಾಗಿ ಆ ಹೊರೆ ಹೊರಲಾರದು. ಮೊದಲ 24 ಗಂಟೆಯಲ್ಲೇ ಕಾಮಾಲೆ ಏರುತ್ತದೆ. ಮಿತಿಮೀರಿದ ಬಿಲಿರುಬಿನ್ ಮೆದುಳಿನ ಒಳಪದರಗಳಿಗೆ ಇಳಿದರೆ ಮಗು ಹಾಲು ಚೀಪುವುದನ್ನು ಬಿಡುತ್ತದೆ, ಸೆಟೆಯುತ್ತದೆ, ಕೀರಲು ದನಿಯಲ್ಲಿ ಅಳುತ್ತದೆ. ಬದುಕಿ ಉಳಿದರೂ ಕಿವುಡು, ಕೈಕಾಲುಗಳ ಹಿಡಿತವಿಲ್ಲದ ಚಲನೆ ಜೀವನವಿಡೀ ಕಾಡಬಹುದು.

ಹುಟ್ಟಿದ ಎರಡು ಮೂರು ದಿನಕ್ಕೆ ಕಾಣುವ ತಿಳಿ ಕಾಮಾಲೆ ಬಹಳ ಮಕ್ಕಳಲ್ಲಿ ಸಹಜ. ಮೊದಲ ದಿನವೇ ಕಂಡ ಕಾಮಾಲೆ ಎಂದೂ ಸಹಜವಲ್ಲ. ಅಂಥ ಮಗುವನ್ನು ಎಳೆಬಿಸಿಲಿಗೆ ಹಿಡಿದು ಕಾಯುವುದು, ಬೇರಿನ ಮದ್ದು ಹಾಕಿಸುವುದು, ಕೆಲವು ಕಡೆ ಇನ್ನೂ ಉಳಿದಿರುವಂತೆ ಮೈಮೇಲೆ ಬರೆ ಹಾಕಿಸುವುದು ಅಮೂಲ್ಯವಾದ ಗಂಟೆಗಳನ್ನು ಕಳೆಯುತ್ತದೆ.

ಈ ಲಕ್ಷಣಗಳು ಹಿಂದಿನವರಿಗೂ ಕಂಡಿದ್ದವು. ಫ್ರಾನ್ಸಿನ ಸೂಲಗಿತ್ತಿ ಲೂಯೀಸ್ ಬೂರ್ಜ್ವಾ 1609ರಲ್ಲಿ ಅವಳಿ ಮಕ್ಕಳ ಬಗ್ಗೆ ಬರೆದಳು: ಒಂದು ಮೈಯೆಲ್ಲ ನೀರು ತುಂಬಿ ಹುಟ್ಟಿದ ಕೂಡಲೇ ತೀರಿಕೊಂಡಿತು, ಇನ್ನೊಂದು ಕಾಮಾಲೆಯಾಗಿ ಸತ್ತಿತು. ಊತ, ಕಾಮಾಲೆ, ರಕ್ತಹೀನತೆ ಮೂರೂ ಒಂದೇ ರೋಗದ ಮುಖಗಳು ಎಂದು ಬಾಸ್ಟನ್‌ನ ಲೂಯಿ ಡೈಮಂಡ್ ಮತ್ತು ಸಂಗಡಿಗರು ತೋರಿಸಿದ್ದು 1932ರಲ್ಲಿ. ಸೂಲಗಿತ್ತಿಯ ಬರಹಕ್ಕೂ ಆ ತೀರ್ಮಾನಕ್ಕೂ ನಡುವೆ ಮುನ್ನೂರು ವರ್ಷಗಳಿಗೂ ಹೆಚ್ಚಿನ ಅಂತರ.

ಎಬಿಒ ಹೊಂದದಿದ್ದರೆ

ಎ ಅಥವಾ ಬಿ ಗುರುತಿನ ವಿರುದ್ಧದ ಪ್ರತಿಕಾಯಗಳು ಆ ಗುರುತಿಲ್ಲದವರಲ್ಲಿ ಎಳೆತನದಿಂದಲೇ ಇರುತ್ತವೆ. ಅವು ಹೆಚ್ಚಾಗಿ ಐಜಿಎಂ, ಮಾಸು ದಾಟುವುದಿಲ್ಲ. ಒ ಗುಂಪಿನವರಲ್ಲಿ ಮಾತ್ರ ಐಜಿಜಿ ಬಗೆಯವೂ ಸಾಕಷ್ಟು ಇರುವುದರಿಂದ ಎಬಿಒ ತೊಂದರೆ ಒ ತಾಯಂದಿರ ಮಕ್ಕಳಲ್ಲೇ ಹೆಚ್ಚು. ಪ್ರತಿಕಾಯ ಮೊದಲೇ ಸಿದ್ಧವಿರುವುದರಿಂದ ಚೊಚ್ಚಲ ಮಗುವಿಗೂ ಬರಬಹುದು. ಆದರೂ ಇದು ಪ್ರಾಣಕ್ಕೆ ಬರುವುದು ಬಹಳ ಅಪರೂಪ: ಭ್ರೂಣದ ಕಣಗಳ ಮೇಲೆ ಎ, ಬಿ ಗುರುತುಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಜೊತೆಗೆ ಅವು ದೇಹದ ಬೇರೆ ಅಂಗಾಂಶಗಳಲ್ಲೂ ಇರುವುದರಿಂದ ಪ್ರತಿಕಾಯ ಅಲ್ಲೆಲ್ಲ ಹಂಚಿಹೋಗುತ್ತದೆ. ಹೆಚ್ಚಿನ ಮಕ್ಕಳಿಗೆ ಒಂದೆರಡು ದಿನದ ಬೆಳಕಿನ ಚಿಕಿತ್ಸೆ ಸಾಕು. ತಡೆಮದ್ದು ಇದಕ್ಕಿಲ್ಲ, ಅದರ ಅಗತ್ಯವೂ ಬಿದ್ದಿಲ್ಲ.

ಆ್ಯಂಟಿ-ಡಿ ಬಂದ ಕಥೆ

ತಡೆಮದ್ದಿನ ಯೋಚನೆ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಒಟ್ಟೊಟ್ಟಿಗೆ ಬೆಳೆಯಿತು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ವೈದ್ಯ ಸಿರಿಲ್ ಕ್ಲಾರ್ಕ್ ಬಿಡುವಿನಲ್ಲಿ ಚಿಟ್ಟೆ ಸಾಕಿ ತಳಿ ಬೆಳೆಸುತ್ತಿದ್ದರು. ಚಿಟ್ಟೆಯ ರೆಕ್ಕೆಯ ಬಣ್ಣ ನಿರ್ಧರಿಸುವ, ಒಟ್ಟಿಗೆ ಸಾಗುವ ಜೀನುಗಳ ಅಧ್ಯಯನವೇ ಅವರನ್ನು ಅದೇ ಬಗೆಯ ಆನುವಂಶಿಕತೆ ಇದ್ದ ಆರ್‌ಎಚ್ ಕಡೆಗೆ ಎಳೆಯಿತು. ಅವರ ತಂಡದ ರೊನಾಲ್ಡ್ ಫಿನ್ ಲೆವೈನ್‌ರ ಸುಳಿವನ್ನು ಹಿಡಿದರು: ಎಬಿಒ ಪ್ರತಿಕಾಯ ತಾನಾಗಿ ಮಾಡುವ ಕೆಲಸವನ್ನು ನಾವೇ ಮಾಡಿದರೆ? ಅಂದರೆ ಹೆರಿಗೆಯಾದ ಕೂಡಲೇ ಬೇರೆಯವರಿಂದ ಪಡೆದ ಡಿ-ವಿರೋಧಿ ಪ್ರತಿಕಾಯವನ್ನೇ (ಆ್ಯಂಟಿ-ಡಿ) ತಾಯಿಗೆ ಚುಚ್ಚಿ ಮಗುವಿನ ಕಣಗಳನ್ನು ತೊಳೆದುಬಿಟ್ಟರೆ? ತನ್ನ ಹೆಂಡತಿ ಒಂದು ರಾತ್ರಿ ಎಬ್ಬಿಸಿ ಇದೇ ಉಪಾಯ ಹೇಳಿದಳೆಂದು ಕ್ಲಾರ್ಕ್ ನೆನೆಸಿಕೊಂಡಿದ್ದಾರೆ. ಮೊದಲ ಪ್ರಯೋಗಗಳಲ್ಲಿ ಐಜಿಎಂ ಬಗೆಯದನ್ನು ಬಳಸಿದಾಗ ಫಲ ತಿರುವುಮುರುವಾಯಿತು, ಪ್ರತಿಕಾಯ ಹೆಚ್ಚೇ ಹುಟ್ಟಿತು. ಐಜಿಜಿಗೆ ಬದಲಿಸಿದ ಮೇಲೆ ಯಶಸ್ಸು ಬಂತು.

ನ್ಯೂಯಾರ್ಕ್‌ನಲ್ಲಿ ವಿನ್ಸೆಂಟ್ ಫ್ರೀಡಾ, ಜಾನ್ ಗೋರ್ಮನ್, ವಿಲಿಯಂ ಪೊಲಾಕ್ ಇದೇ ಗುರಿಯತ್ತ ಹೊರಟಿದ್ದರು. ಅವರ ಪ್ರಯೋಗ ನಡೆದದ್ದು ಸಿಂಗ್ ಸಿಂಗ್ ಸೆರೆಮನೆಯ ನೆಗೆಟಿವ್ ಗುಂಪಿನ ಕೈದಿಗಳ ಮೇಲೆ; ಅವರು ಒಪ್ಪಿಯೇ ಮುಂದೆ ಬಂದಿದ್ದರು, ಆದರೂ ಸೆರೆಯಲ್ಲಿರುವವರ ಒಪ್ಪಿಗೆಯ ಮೇಲೆ ವೈದ್ಯಕೀಯ ಇಂದು ಭಾರ ಹಾಕುವುದಿಲ್ಲ. ಇಂದಿಗೂ ಎಲ್ಲ ಹೆರಿಗೆ ವಾರ್ಡುಗಳಲ್ಲಿ ಹೇಳುವ ‘72 ಗಂಟೆಯೊಳಗೆ’ ಎಂಬ ನಿಯಮ ಅಲ್ಲಿಂದಲೇ ಬಂದದ್ದು. ಸೆರೆಮನೆಯ ಕಟ್ಟುಪಾಡಿನಿಂದಾಗಿ ಕೈದಿಗಳಿಗೆ ಮದ್ದು ಕೊಡಲು ಆದದ್ದು ಮೂರು ದಿನಗಳ ಅಂತರದಲ್ಲಿ. ಆಗ ಫಲ ಸಿಕ್ಕಿತು, ಅದೇ ಮಿತಿಯಾಗಿ ನಿಂತಿತು. ಆದ್ದರಿಂದ 72 ಗಂಟೆ ಮೀರಿತೆಂದು ಕೈಬಿಡಬಾರದು. ಹತ್ತು ದಿನದೊಳಗೆ ಕೊಟ್ಟರೂ ಒಂದಿಷ್ಟು ರಕ್ಷಣೆ ಸಿಗಬಹುದು, ಬೇಗ ಕೊಟ್ಟಷ್ಟು ಒಳ್ಳೆಯದು.

1964ರ ಜನವರಿ 31ರಂದು ಇಂಗ್ಲೆಂಡಿನಲ್ಲಿ ಗೋರ್ಮನ್ ಅವರ ಸಹೋದರನ ಹೆಂಡತಿಗೆ ಹೆರಿಗೆಯ ನಂತರ ಈ ಮದ್ದನ್ನು ಕೊಡಲಾಯಿತು. ಅಮೆರಿಕದಲ್ಲಿ 1968ರಲ್ಲಿ ಪರವಾನಗಿ ಸಿಕ್ಕಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1969ಕ್ಕೆ ಮೊದಲು ಲಕ್ಷ ಜನನಕ್ಕೆ 46ರಷ್ಟಿದ್ದ ಈ ರೋಗದ ಸಾವು 1990ರ ಹೊತ್ತಿಗೆ 1.6ಕ್ಕೆ ಇಳಿಯಿತು. ಅಷ್ಟಾದರೂ ಆ್ಯಂಟಿ-ಡಿ ನಿಖರವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಇನ್ನೂ ಚರ್ಚೆಯಲ್ಲಿದೆ. ಕಣಗಳನ್ನು ತೊಳೆಯುತ್ತದೆ ಎಂಬ ವಿವರಣೆಯೊಂದೇ ಸಾಲುವುದಿಲ್ಲ ಎನ್ನುವವರು ಹಲವರು.

ಈ ಮದ್ದಿನ ಮೂಲ ಮನುಷ್ಯರ ರಕ್ತವೇ. ದಾನಿಗಳ ಪ್ಲಾಸ್ಮಾದಿಂದ ಪ್ರತಿಕಾಯ ಬೇರ್ಪಡಿಸಿ ತಯಾರಿಸುತ್ತಾರೆ. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಹದಿನಾಲ್ಕನೇ ವಯಸ್ಸಿನಲ್ಲಿ ಎದೆಯ ಶಸ್ತ್ರಚಿಕಿತ್ಸೆಗೆ ಬಹಳ ರಕ್ತ ಪಡೆದಿದ್ದವರು. ದೊಡ್ಡವನಾದ ಮೇಲೆ ಋಣ ತೀರಿಸುತ್ತೇನೆಂದು ರಕ್ತ ಕೊಡತೊಡಗಿದರು. ಅವರ ರಕ್ತದಲ್ಲಿ ಈ ಪ್ರತಿಕಾಯ ಹೇರಳವಾಗಿತ್ತು. 2018ರಲ್ಲಿ 81ನೇ ವಯಸ್ಸಿಗೆ ನಿಲ್ಲಿಸುವವರೆಗೆ 1,173 ಸಲ ಕೊಟ್ಟರು. 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ರಕ್ತದಿಂದ ಬಂದ ಮದ್ದಾದ್ದರಿಂದ ಶುದ್ಧತೆ ತಪ್ಪಿದಾಗ ಅನಾಹುತವೂ ಆಗಿದೆ. ಐರ್ಲೆಂಡಿನಲ್ಲಿ 1970ರ ದಶಕದ ಕೊನೆಯಲ್ಲಿ ಕೊಟ್ಟ ಕೆಲವು ತಂಡದ ಮದ್ದಿನಿಂದ ನೂರಾರು ತಾಯಂದಿರಿಗೆ ಹೆಪಟೈಟಿಸ್ ಸಿ ತಗಲಿತ್ತು. ಅದು ಬಯಲಾದದ್ದು 1994ರಲ್ಲಿ. ಈಗ ವೈರಸ್ ತಪಾಸಣೆ, ಶುದ್ಧೀಕರಣ ಬಿಗಿಯಾಗಿವೆ. ಪ್ಲಾಸ್ಮಾ ಬೇಡದೆ ಪ್ರಯೋಗಾಲಯದಲ್ಲಿ ಬೆಳೆಸಿದ ಮಾನೋಕ್ಲೋನಲ್ ಆ್ಯಂಟಿ-ಡಿ ಕೂಡ ಭಾರತದಲ್ಲಿ ಬಳಕೆಯಲ್ಲಿದೆ.

ಯಾವಾಗ, ಎಷ್ಟು?

ಬಸುರಿನ ಮೊದಲ ತಪಾಸಣೆಯಲ್ಲೇ ಗುಂಪು ನೋಡಬೇಕು. ನೆಗೆಟಿವ್ ಆಗಿದ್ದರೆ ಪರೋಕ್ಷ ಕೂಂಬ್ಸ್ ಪರೀಕ್ಷೆ, ಆಸ್ಪತ್ರೆಯ ಮಾತಿನಲ್ಲಿ ಐಸಿಟಿ, ಮಾಡಿಸುತ್ತಾರೆ. ಕೇಂಬ್ರಿಜ್‌ನ ರಾಬಿನ್ ಕೂಂಬ್ಸ್ ಮತ್ತು ಸಂಗಡಿಗರು 1945ರಲ್ಲಿ ರೂಪಿಸಿದ ಈ ಪರೀಕ್ಷೆ ತಾಯಿಯಲ್ಲಿ ಪ್ರತಿಕಾಯ ಈಗಾಗಲೇ ಹುಟ್ಟಿದೆಯೇ ಎಂದು ಹೇಳುತ್ತದೆ. ಹುಟ್ಟಿರದಿದ್ದರೆ 28ನೇ ವಾರದಲ್ಲಿ 300 ಮೈಕ್ರೋಗ್ರಾಂ ಆ್ಯಂಟಿ-ಡಿ, ಮಗು ಪಾಸಿಟಿವ್ ಎಂದು ಗೊತ್ತಾದರೆ ಹೆರಿಗೆಯ 72 ಗಂಟೆಯೊಳಗೆ ಮತ್ತೊಂದು. 300 ಮೈಕ್ರೋಗ್ರಾಂ ಮಗುವಿನ ಸುಮಾರು 30 ಮಿಲಿಲೀಟರ್ ರಕ್ತವನ್ನು ನಿಭಾಯಿಸುತ್ತದೆ. ಅದಕ್ಕಿಂತ ಹೆಚ್ಚು ಸೋರಿರುವ ಅನುಮಾನವಿದ್ದರೆ ಕ್ಲೈಹೌವರ್ ಪರೀಕ್ಷೆಯಿಂದ ಅಳೆದು ಪ್ರಮಾಣ ಹೆಚ್ಚಿಸುತ್ತಾರೆ. ಹೆರಿಗೆಯ ನಂತರದ ಮದ್ದೊಂದೇ ಅಪಾಯವನ್ನು ನೂರಕ್ಕೆ ಒಂದೆರಡಕ್ಕೆ ಇಳಿಸುತ್ತದೆ. 28ನೇ ವಾರದ್ದೂ ಸೇರಿದರೆ ಸಾವಿರಕ್ಕೆ ಒಂದರಿಂದ ಮೂರು.

ಜನ ಮರೆಯುವುದು ಹೆರಿಗೆಯಲ್ಲದ ಸಂದರ್ಭಗಳನ್ನು. ಗರ್ಭ ಇಳಿದುಹೋದಾಗ, ತೆಗೆಸಿದಾಗ, ಗರ್ಭನಾಳದಲ್ಲಿ ಬಸುರು ನಿಂತಾಗ, ಬಸುರಿನಲ್ಲಿ ರಕ್ತಸ್ರಾವವಾದಾಗ, ಬಿದ್ದು ಅಥವಾ ವಾಹನ ಅಪಘಾತದಲ್ಲಿ ಹೊಟ್ಟೆಗೆ ಪೆಟ್ಟಾದಾಗ, ಗರ್ಭದ ನೀರಿನ ಪರೀಕ್ಷೆಗೆ ಸೂಜಿ ಹಾಕಿದಾಗ ಮಗುವಿನ ರಕ್ತ ಸೋರಬಹುದು. ಹನ್ನೆರಡು ವಾರದೊಳಗಿನ ಗರ್ಭಪಾತಕ್ಕೆ ಆ್ಯಂಟಿ-ಡಿ ಬೇಕೇ ಎಂಬಲ್ಲಿ ಈಗ ಒಮ್ಮತವಿಲ್ಲ: ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಅಗತ್ಯವಿಲ್ಲ ಎನ್ನುತ್ತದೆ, ನಮ್ಮ ವೈದ್ಯರಲ್ಲಿ ಬಹಳ ಮಂದಿ 50 ಮೈಕ್ರೋಗ್ರಾಂ ಕೊಡುವುದನ್ನು ಮುಂದುವರಿಸಿದ್ದಾರೆ. ಹನ್ನೆರಡು ವಾರದ ನಂತರ ಈ ಅನುಮಾನವಿಲ್ಲ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಯಾರಿಗೂ ಹೇಳದೆ ಗರ್ಭ ಇಳಿಸಿಕೊಂಡ ನೆಗೆಟಿವ್ ಹೆಣ್ಣುಮಗಳಿಗೆ ಮುಂದಿನ ಬಸುರಿನಲ್ಲಿ ಐಸಿಟಿ ಪಾಸಿಟಿವ್ ಬಂದಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ಇದನ್ನು ಅಪರಾಧವೆಂಬಂತೆ ನೋಡದೆ ಕೇಳುವ ವೈದ್ಯರು ಬೇಕು.

ಪ್ರತಿಕಾಯ ಒಮ್ಮೆ ಹುಟ್ಟಿದ ಮೇಲೆ ಆ್ಯಂಟಿ-ಡಿ ಪ್ರಯೋಜನಕ್ಕೆ ಬರುವುದಿಲ್ಲ. ಆಗಿನ ದಾರಿ ಬೇರೆ.

ಪ್ರತಿಕಾಯ ಹುಟ್ಟಿದ ಮೇಲೆ

ಪ್ರತಿಕಾಯದ ಬಲವನ್ನು ಮತ್ತೆ ಮತ್ತೆ ಅಳೆಯುತ್ತಾರೆ. 1:16 ಅಥವಾ 1:32 ದಾಟಿದರೆ ಮಗುವಿನ ಮೇಲೆ ಕಣ್ಣಿಡುತ್ತಾರೆ. ಹಿಂದೆ ಇದಕ್ಕಾಗಿ ಗರ್ಭದ ನೀರನ್ನು ಸೂಜಿಯಿಂದ ತೆಗೆಯಬೇಕಿತ್ತು. 2000ರಲ್ಲಿ ಜಾನ್‌ಕಾರ್ಲೊ ಮಾರಿ ಮತ್ತು ಸಂಗಡಿಗರು ತೋರಿಸಿಕೊಟ್ಟ ವಿಧಾನ ಸರಳ: ರಕ್ತ ತೆಳುವಾದಷ್ಟೂ ವೇಗವಾಗಿ ಹರಿಯುತ್ತದೆ, ಆದ್ದರಿಂದ ಡಾಪ್ಲರ್ ಸ್ಕ್ಯಾನ್‌ನಲ್ಲಿ ಮಗುವಿನ ಮೆದುಳಿನ ನಡುಧಮನಿಯ ವೇಗ ಅಳೆದರೆ ರಕ್ತಹೀನತೆ ತಿಳಿಯುತ್ತದೆ. ತಾಯಿಯ ರಕ್ತದಲ್ಲಿ ತೇಲುವ ಮಗುವಿನ ಡಿಎನ್‌ಎ ತುಣುಕುಗಳಿಂದ ಮಗುವಿನ ಆರ್‌ಎಚ್ ಗುಂಪನ್ನೇ ತಿಳಿಯುವ ಪರೀಕ್ಷೆಯೂ ಬಂದಿದೆ. ಡೆನ್ಮಾರ್ಕ್, ನೆದರ್‌ಲೆಂಡ್ಸ್‌ಗಳಲ್ಲಿ ಇದು ಎಲ್ಲ ನೆಗೆಟಿವ್ ಬಸುರಿಯರಿಗೂ ಸಿಗುತ್ತದೆ.

ಹೊಟ್ಟೆಯಲ್ಲಿರುವ ಮಗುವಿಗೇ ರಕ್ತ ಕೊಡಬಹುದು ಎಂದು ಸಾಧಿಸಿದವರು ನ್ಯೂಜಿಲೆಂಡಿನ ಆಕ್ಲೆಂಡ್‌ನ ವಿಲಿಯಂ ಲೈಲಿ. 1963ರಲ್ಲಿ, ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲಿ, ಎಕ್ಸ್-ರೇ ನೋಡಿಕೊಂಡು ಸೂಜಿಯನ್ನು ಮಗುವಿನ ಹೊಟ್ಟೆಗೆ ತಲುಪಿಸಿದರು. ಮೊದಲ ಮೂರು ಮಕ್ಕಳು ಉಳಿಯಲಿಲ್ಲ, ನಾಲ್ಕನೆಯದು ಉಳಿಯಿತು. ಈಗ ಸ್ಕ್ಯಾನ್ ನೋಡುತ್ತ ಹೊಕ್ಕುಳಬಳ್ಳಿಯ ರಕ್ತನಾಳಕ್ಕೇ ಒ ನೆಗೆಟಿವ್ ರಕ್ತ ಕೊಡುತ್ತಾರೆ. ಹುಟ್ಟಿದ ಮೇಲೆ ಬಿಲಿರುಬಿನ್ ಅತಿಯಾದರೆ ಹೊಕ್ಕುಳ ಅಭಿಧಮನಿಯ ಮೂಲಕ ಸ್ವಲ್ಪ ಸ್ವಲ್ಪವೇ ರಕ್ತ ತೆಗೆದು, ಹೊಸದನ್ನು ಸೇರಿಸಿ ಬದಲಿಸುತ್ತಾರೆ. ಈ ವಿಧಾನವನ್ನು ನೆಲೆಗೊಳಿಸಿದವರು ಮೇಲೆ ಹೇಳಿದ ಡೈಮಂಡ್. ಬೆಳಕಿನ ಚಿಕಿತ್ಸೆ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯ ಕೊಡುಗೆ. 1956ರಲ್ಲಿ ಅಲ್ಲಿನ ಸಿಸ್ಟರ್ ಜೀನ್ ವಾರ್ಡ್ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಅಂಗಳದ ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಒಂದು ಮಗುವಿನ ಬಟ್ಟೆ ಮುಚ್ಚಿದ್ದ ಭಾಗ ಮಾತ್ರ ಹಳದಿಯಾಗಿ ಉಳಿದು, ಬಿಸಿಲು ಬಿದ್ದ ಚರ್ಮ ತಿಳಿಯಾಗಿತ್ತು. ನಮ್ಮ ಬಾಣಂತಿಯರ ಎಳೆಬಿಸಿಲಿನ ಪದ್ಧತಿಯಲ್ಲೂ ಒಂದು ತಿರುಳಿದೆ, ಆದರೆ ಆರ್‌ಎಚ್ ಕಾಮಾಲೆಗೆ ಬೇಕಾದ ನೀಲಿ ಬೆಳಕಿನ ತೀವ್ರತೆ ಕಿಟಕಿಯ ಬಿಸಿಲಿನಿಂದ ಸಿಗದು. ಗುಣವಾಗಿ ಮನೆಗೆ ಬಂದ ಮಗುವಿನಲ್ಲೂ ತಾಯಿಯ ಪ್ರತಿಕಾಯ ವಾರಗಟ್ಟಲೆ ಉಳಿಯುವುದರಿಂದ ನಾಲ್ಕಾರು ವಾರಗಳಲ್ಲಿ ರಕ್ತಹೀನತೆ ಮರುಕಳಿಸಬಹುದು, ಮತ್ತೆ ತೋರಿಸಬೇಕು.

ಬೇರೆ ಗುರುತುಗಳು, ವಿರಳ ಗುಂಪುಗಳು

ಡಿ ಹತೋಟಿಗೆ ಬಂದ ದೇಶಗಳಲ್ಲಿ ಈಗ ಕೆಲ್, ಸಣ್ಣ ಸಿ ಮೊದಲಾದ ಗುರುತುಗಳ ವಿರುದ್ಧದ ಪ್ರತಿಕಾಯಗಳು ಮುಂದೆ ಬಂದಿವೆ. ಇವು ಪಾಸಿಟಿವ್ ತಾಯಂದಿರಿಗೂ ಬರಬಹುದು, ಹಲವು ಸಲ ಹಿಂದೆ ಪಡೆದ ರಕ್ತದಿಂದ. ಕೆಲ್ ಪ್ರತಿಕಾಯ ಕಣ ಒಡೆಯುವುದಷ್ಟೇ ಅಲ್ಲ, ಹೊಸ ಕಣಗಳ ಹುಟ್ಟನ್ನೇ ತಡೆಯುತ್ತದೆ. ಮಕ್ಕಳಾಗಬೇಕಾದ ಹೆಣ್ಣಿಗೆ ಗಂಡನ ರಕ್ತ ಕೊಡಬಾರದು ಎಂಬುದು 1939ರ ಆ ಪ್ರಕರಣದಿಂದಲೇ ಕಲಿತ ಪಾಠ. ‘ನನ್ನದೇ ತೆಗೆದುಕೊಳ್ಳಿ’ ಎನ್ನುವ ಗಂಡನ ಮಾತು ಪ್ರೀತಿಯಿಂದ ಬಂದದ್ದು, ಆದರೆ ವೈದ್ಯರು ಬೇಡವೆನ್ನಬೇಕು.

ವಿರಳ ಗುಂಪುಗಳ ವಿಷಯದಲ್ಲಿ ನಮ್ಮ ನಾಡಿಗೆ ನೇರ ಸಂಬಂಧವಿದೆ. 1952ರಲ್ಲಿ ಮುಂಬೈಯ ವೈ. ಎಂ. ಭೆಂಡೆ ಮತ್ತು ಸಂಗಡಿಗರು ವಿವರಿಸಿದ ಬಾಂಬೆ ಗುಂಪಿನವರು ಸಾಮಾನ್ಯ ಪರೀಕ್ಷೆಯಲ್ಲಿ ಒ ಎಂದು ತೋರಿದರೂ ಅವರಿಗೆ ಒ ರಕ್ತವೂ ಆಗುವುದಿಲ್ಲ. ಕರ್ನಾಟಕ, ಮಹಾರಾಷ್ಟ್ರಗಳಿಂದ ಹಲವು ಪ್ರಕರಣಗಳು ವರದಿಯಾಗಿವೆ. ರಕ್ತಸಂಬಂಧದ ಮದುವೆಗಳಲ್ಲಿ ಇದು ಹುಟ್ಟುವ ಸಾಧ್ಯತೆ ಹೆಚ್ಚು. 2025ರ ಜೂನಿನಲ್ಲಿ ಮಿಲಾನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ರಕ್ತಪೂರಣ ಸಮ್ಮೇಳನದಲ್ಲಿ ಕ್ರಿಬ್ ಎಂಬ ಹೊಸ ಪ್ರತಿಜನಕವನ್ನು ಪ್ರಕಟಿಸಲಾಯಿತು. ಅದು ಗೊತ್ತಾದದ್ದು ಹೃದಯದ ಶಸ್ತ್ರಚಿಕಿತ್ಸೆಗೆ ಬಂದಿದ್ದ ಕೋಲಾರದ 38 ವರ್ಷದ ಮಹಿಳೆಯಿಂದ. ಯಾವ ದಾನಿಯ ರಕ್ತವೂ, ಮನೆಯವರ ರಕ್ತವೂ ಹೊಂದದಿದ್ದಾಗ ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರ ಮಾದರಿಯನ್ನು ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರಯೋಗಾಲಯಕ್ಕೆ ಕಳಿಸಿತ್ತು. ಇಂಗ್ಲಿಷಿನಲ್ಲಿ ಬರೆದಾಗ ಹೆಸರಿನ ಕೊನೆಯ ಎರಡು ಅಕ್ಷರಗಳು ಇಂಡಿಯಾ, ಬೆಂಗಳೂರನ್ನು ಸೂಚಿಸುತ್ತವೆ.

ತಾಯಿಗೆ ಇರುವ ಇನ್ನೊಂದು ಅಪಾಯ ಪ್ರತಿಕಾಯದ್ದಲ್ಲ, ರಕ್ತ ಸಿಗದಿರುವುದರದ್ದು. ಹೆರಿಗೆಯ ನಂತರ ರಕ್ತಸ್ರಾವವಾದಾಗ ನೆಗೆಟಿವ್ ರಕ್ತಕ್ಕಾಗಿ ಅಪರಾತ್ರಿಯಲ್ಲಿ ಬ್ಲಡ್ ಬ್ಯಾಂಕುಗಳನ್ನು ಸುತ್ತುವುದು ತಾಲೂಕು ಊರುಗಳಲ್ಲಿ ಸಾಮಾನ್ಯ. ನೆಗೆಟಿವ್ ಬಸುರಿಗೆ ಹೆರಿಗೆಗೆ ಮುಂಚೆಯೇ ಒಬ್ಬಿಬ್ಬರು ದಾನಿಗಳನ್ನು ಗೊತ್ತು ಮಾಡಿಟ್ಟುಕೊಳ್ಳುವುದು ಲೇಸು. ಒಡಹುಟ್ಟಿದವರಲ್ಲಿ ಅದೇ ಗುಂಪು ಸಿಗುವ ಸಾಧ್ಯತೆ ಹೊರಗಿನವರಿಗಿಂತ ಹೆಚ್ಚು, ಆದರೆ ಅವರ ರಕ್ತವನ್ನು ರಕ್ತಕೇಂದ್ರದ ಮೂಲಕವೇ ಕೊಡಿಸಬೇಕು.

ಉಳಿದಿರುವ ಒಂದು ಒಗಟು

ಆರ್‌ಎಚ್ ರೋಗದಲ್ಲಿ ಸಾಯುವ ಪ್ರತಿ ಮಗುವಿನಲ್ಲೂ ಆ ಜೀನಿನ ಒಂದು ಪಾಸಿಟಿವ್, ಒಂದು ನೆಗೆಟಿವ್ ಪ್ರತಿ ಇರುತ್ತದೆ. ಎರಡೂ ಸಮನಾಗಿ ನಷ್ಟವಾಗುತ್ತ ಹೋದರೆ ಅಪರೂಪದ ನೆಗೆಟಿವ್ ಬೇಗ ಅಳಿಯಬೇಕಿತ್ತು. ಹಾಗಾಗಲಿಲ್ಲವೇಕೆ ಎಂದು 1942ರಲ್ಲಿ ಕೇಳಿದವರು ಜೆ. ಬಿ. ಎಸ್. ಹಾಲ್ಡೇನ್, ಮುಂದೆ ಭಾರತಕ್ಕೆ ಬಂದು ನೆಲೆಸಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ. ಬೇರೆ ಬೇರೆ ಜನವರ್ಗಗಳು ಇತ್ತೀಚೆಗೆ ಬೆರೆತದ್ದೇ ಕಾರಣವಿರಬಹುದು ಎಂದು ಅವರು ಊಹಿಸಿದರು. ಎಲ್ಲರೂ ಒಪ್ಪುವ ಉತ್ತರ ಇನ್ನೂ ಬಂದಿಲ್ಲ.

ಕರ್ನಾಟಕದಲ್ಲಿ ಪ್ರತಿ ಬಸುರಿಗೂ ಸಿಗುವ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು ಬರೆಯಲು ಒಂದು ಜಾಗವಿದೆ. ಅಲ್ಲಿ ನೆಗೆಟಿವ್ ಎಂದಿದ್ದರೆ 28ನೇ ವಾರ ಯಾವ ದಿನ ಬರುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ ಅದೇ ಕಾರ್ಡಿನ ಮೇಲೆ ಬರೆಸಿಟ್ಟುಕೊಳ್ಳಿ. ಹೆರಿಗೆಯಾದ ದಿನವೇ ಮಗುವಿನ ಗುಂಪು ಯಾವುದು ಎಂದು ಕೇಳಿ, ಅದು ಪಾಸಿಟಿವ್ ಆದರೆ ಚುಚ್ಚುಮದ್ದು ಹಾಕಿಸಿಕೊಳ್ಳದೆ ಆಸ್ಪತ್ರೆಯಿಂದ ಮನೆಗೆ ಹೊರಡಬೇಡಿ.